ಸೈಟಿನ ವಿಮೆ

ಕಟ್ಟಡದಿಂದ ಬಿದ್ದ ನನ್ನ ಗಂಡನ ಹೆಣ, ಸೈಟಿಗೆ ಹೋದ ಮೇಲೆ ಬದಲಿಸಿಕೊಳ್ಳುತ್ತಿದ್ದ ಕೆಲಸದ ಬಟ್ಟೆಯಲ್ಲೇ ಮನೆಗೆ ಬಂತು. ತಿಥಿ ಮುಗಿಸಿ, ಪರಿಹಾರ ಕೇಳಲು ಸೈಟಿಗೆ ಹೋದೆ.

“ಕೆಲಸಗಾರರಿಗೆ ವಿಮೆ ಮಾಡಿಸಿದ್ದೀರಾ ಸಾರ್?”

“ಲಿಫ್ಟಿಗಿದೆ, ಮಿಕ್ಸರಿಗಿದೆ,” ಎಂದ ಕಂಟ್ರಾಕ್ಟರ್. “ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ಇರೋರಿಗೆ ಯಾರಮ್ಮ ಪ್ರೀಮಿಯಂ ಕಟ್ತಾರೆ?”

“ನನ್ನ ಗಂಡ ಬಿದ್ದದ್ದು ಇಲ್ಲೇ.”

“ಸುಳ್ಳು. ಅವನು ರಸ್ತೇಲಿ ಬಿದ್ದಿದ್ದ. ಅವತ್ತು ನಮ್ಮ ಸೈಟಿಗೆ ಕಾಲೇ ಇಟ್ಟಿಲ್ಲ. ಓದಿದೋಳಲ್ವಾ ನೀನು? ಸಾಕ್ಷಿ ತಗೊಂಡ್ ಬಾ.”

“ನಾಳೆ ಇನ್ನೊಬ್ಬ ಬಿದ್ದರೆ?”

ಅವನು ನಕ್ಕು ಮೇಲಕ್ಕೆ ಕೈ ತೋರಿಸಿದ. “ಬೀಳಲ್ಲ. ದೃಷ್ಟಿಬೊಂಬೆ ಕಟ್ಟಿಸಿದ್ದೀನಿ, ನೋಡು.”

ಮೂರನೆಯ ಮಹಡಿಯಲ್ಲಿ ನೇತಾಡುತ್ತಿದ್ದ ಆ ಹುಲ್ಲಿನ ಬೊಂಬೆಗೆ ತೊಡಿಸಿದ್ದು, ಅವರು ಸತ್ತ ದಿನ ಬೆಳಿಗ್ಗೆ ನಾನು ಕೆಂಪು ದಾರದಲ್ಲಿ ಜೇಬು ಹೊಲಿದು, ಅವರಿಗೆ ತೊಡಿಸಿ ಕೆಲಸಕ್ಕೆ ಕಳಿಸಿದ್ದ ನೀಲಿ ಅಂಗಿ.