ಪಳಗಿದ ಕೈ

"ಭಾವ, ನಾಳೆಯಿಂದ ನಾನು ಕೆಲಸಕ್ಕೆ ಬರೋದು ಬೇಡ್ವಾ?"

ಬೇಕರಿಯ ಯಜಮಾನ ಬಾಮೈದನ ಕಡೆ ತಿರುಗಲಿಲ್ಲ. ಭಟ್ಟಿಯಿಂದ ಬನ್ನಿನ ಟ್ರೇಯನ್ನು ಬರಿಗೈಯಲ್ಲೇ ಎಳೆದು ಮೇಜಿನ ಮೇಲಿಟ್ಟ. ಮೊದಲು ಡಾಕ್ಟರು ಹೇಳಲಿ ಎಂದ.

ಬಾಮೈದ ಹತ್ತು ವರ್ಷದಿಂದ ಅಲ್ಲಿ ಹಿಟ್ಟು ನಾದುವವನು. ಹೋದ ತಿಂಗಳು ಅವನ ಕೆನ್ನೆಯ ಮೇಲೆ ಬಿಳಿಚಿದ ಮಚ್ಚೆಯೊಂದು ಮೂಡಿತ್ತು. ಗಿರಾಕಿಯೊಬ್ಬಳು ಕುಷ್ಠ ಅಂದುಬಿಟ್ಟಳು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅಂದಿನಿಂದ ಮನೆಯಲ್ಲಿ ಅವನಿಗೆ ಬೇರೆ ತಟ್ಟೆ, ಬೇರೆ ಲೋಟ. ಬಡಿಸುವಾಗ ಅಕ್ಕ ತಮ್ಮನ ಮುಖ ನೋಡುತ್ತಿರಲಿಲ್ಲ. ಅವನೂ ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದ.

ಅವನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಅದನ್ನೂ ನೆಟ್ಟಗೆ ಕಲಿತಿಲ್ಲ ಎಂದು ಯಜಮಾನನ ಗೊಣಗಾಟ. ಟ್ರೇ ಎಳೆಯಲು ಅವನಿಗಿನ್ನೂ ಬಟ್ಟೆ ಬೇಕು! ಹಳೆಯ ಬೇಕರಿಯವರ ಲೆಕ್ಕದಲ್ಲಿ ಬಟ್ಟೆ ಹಿಡಿದವನು ಇನ್ನೂ ಅ ಆ ಇ ಈ ತಿದ್ದುವವನೇ. ತನ್ನ ಕೈ ಪಳಗಿ ಎರಡು ವರ್ಷವಾಯಿತು, ಈಗ ಬೆಂಕಿಯೇ ತನಗೆ ಹೆದರುತ್ತದೆ ಎಂದು ಯಜಮಾನ ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದ.

ಆಸ್ಪತ್ರೆಯ ದಾರಿಯಲ್ಲಿ ಯಜಮಾನ ನಾಲ್ಕು ಮಾರು ಮುಂದೆ ನಡೆದ, ಯಾರೋ ಯಾವನೋ ಎಂಬಂತೆ. ಎಂಥ ಅವಸರವೋ, ಕಾಲಿನಿಂದ ಚಪ್ಪಲಿ ಕಳಚಿ ಹಿಂದುಳಿದದ್ದೂ ತಿಳಿಯಲಿಲ್ಲ. ಬಾಮೈದ ಅದನ್ನೆತ್ತಿಕೊಂಡು ಓಡಿಬಂದ. ಕೈಗೆ ಕೊಡಬೇಡ, ಕೆಳಗಿಡು ಎಂದ ಯಜಮಾನ.

ಡಾಕ್ಟರಮ್ಮ ಬಾಮೈದನ ಕಣ್ಣು ಮುಚ್ಚಿಸಿ, ಸಣ್ಣ ನೈಲಾನ್ ಎಳೆಯಿಂದ ಮಚ್ಚೆಯನ್ನೂ ಕೈಕಾಲನ್ನೂ ಮುಟ್ಟಿದರು. ಮುಟ್ಟಿದಲ್ಲೆಲ್ಲ ಅವನು ಬೆರಳಿಟ್ಟು ತೋರಿಸಿದ. ಮುಟ್ಟಿದ್ದೆಲ್ಲ ತಿಳಿಯುತ್ತಿದೆ, ಕುಷ್ಠವಲ್ಲ, ಚರ್ಮ ಒಣಗಿ ಆದ ಮಚ್ಚೆ, ಮುಲಾಮು ಸಾಕು ಎಂದರು. ಕುಷ್ಠವನ್ನು ಶುರುವಿನಲ್ಲಿ ಗುರುತಿಸುವುದು ಅಷ್ಟು ಸುಲಭವಲ್ಲ, ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿ, ಯಾರನ್ನೂ ದೂರ ಇಡಬೇಕಾಗಿಲ್ಲ ಎಂದು ಗದರಿದರು.

ಯಜಮಾನ ನಂಬಬೇಕಲ್ಲ.

"ಇವನು ಓರೆಗಣ್ಣಲ್ಲಿ ನೋಡ್ಕೊಂಡು ಹೇಳಿರ್ತಾನೆ, ಅಮ್ಮ. ನನಗೆ ಮಾಡಿ. ನಿಯತ್ತಾಗಿ ಕಣ್ಣು ಮುಚ್ಚೋದು ಹೇಗೆ ಅಂತ ಇವನೂ ಕಲೀಲಿ."

ಎರಡೂ ಕೈ ಚಾಚಿ ಕಣ್ಣು ಬಿಗಿಯಾಗಿ ಮುಚ್ಚಿದ.

ಬಾಮೈದ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಭಾವನ ಪಾಲಿನ ನಾಚಿಕೆಯೂ ತನ್ನದೇ ಎಂಬಂತೆ ತಲೆ ತಗ್ಗಿಸಿದ.

"ಹೂಂ, ಶುರು ಮಾಡಿ ಅಮ್ಮ," ಎಂದ ಯಜಮಾನ.

ಡಾಕ್ಟರಮ್ಮ ಅಷ್ಟರಲ್ಲಿ ಒಂಬತ್ತು ಕಡೆ ಮುಟ್ಟಿ ಮುಗಿಸಿದ್ದರು.