ತಂದವರ ಚೀಟಿ

ಬಂದರಿನ ಬಳಿಯ ಮ್ಯೂಸಿಯಂನಲ್ಲಿ ಕಸಬರಿಗೆ ಹಿಡಿಯುವ ಮೊದಲು ಪ್ರತಿ ಬೊಂಬೆಗೂ "ನಿನ್ನನ್ನು ತಂದವಳು ನಾನಲ್ಲ" ಎಂದು ಹೇಳುವುದು ಜಲಜಾಕ್ಷಿಯ ನಿತ್ಯದ ಕೆಲಸ. ಮಾತು ನಿಜವಾದರೆ ಬೊಂಬೆ ಕಣ್ಣು ಮುಚ್ಚುತ್ತಿತ್ತು. ಸುಳ್ಳು ಹೇಳಿದ ಹಿಂದಿನ ಅಧಿಕಾರಿಯ ಚಪ್ಪಲಿ ಇನ್ನೂ ಬಾಗಿಲಲ್ಲೇ ಇತ್ತು.

ಪೆಸಿಫಿಕ್ ಸಾಗರದ ಮೆಲನೇಷ್ಯಾ ದ್ವೀಪಗಳಿಂದ ಹೊಸದಾಗಿ ಬಂದ ಮರದ ಬೊಂಬೆಯ ಮುಂದೆ ಇಂದು ಅವಳು "ನಿನ್ನನ್ನು ತಂದವಳು" ಎಂದಷ್ಟೇ ಹೇಳಿ ನಿಲ್ಲಿಸಿದಳು. ನಿನ್ನೆ ಕೂಲಿಯವರು ಬಾರದೆ, ಅದನ್ನು ಮಗುವಿನಂತೆ ಸೊಂಟಕ್ಕೇರಿಸಿ ಒಳಗೆ ತಂದವಳು ಅವಳೇ.

"ಹೇಳಿಬಿಡಿ ಜಲಜಕ್ಕ, ನೀವು ಬರೀ ಮೆಟ್ಟಿಲು ಹತ್ತಿಸಿದ್ದಲ್ವಾ?" ಗುಮಾಸ್ತ ಸಂಜೀವ ಹೊರಗಿನಿಂದಲೇ ಪಿಸುಗುಟ್ಟಿದ.

ಅವಳು ಬೊಂಬೆಯ ಕೊರಳಿಗೆ ಕಟ್ಟಿದ್ದ, ಅದನ್ನು ತಂದವರ ವಿವರವಿದ್ದ ಚೀಟಿಯನ್ನೇ ಗಟ್ಟಿಯಾಗಿ ಓದಿದಳು: "ದ್ವೀಪದಿಂದ ಎತ್ತಿಕೊಂಡು ಹೋದವನು ನಾವಿಕ. ಅವನಿಂದ ಕೊಂಡವನು ಪಾದ್ರಿ. ಪಾದ್ರಿಯ ತಮ್ಮನ ಮೊಮ್ಮಗ ಮ್ಯೂಸಿಯಂಗೆ ಕೊಟ್ಟ."

ಚಿಪ್ಪಿನ ಕಣ್ಣುಗಳು ಮುಚ್ಚಲಿಲ್ಲ. ಬೊಂಬೆ ಕೇಳಿತು: "ಆಮೇಲೆ?"