ಸೋಮವಾರದ ಪಾಯ

ತಂಗಿ ಪಾಯ ತೋಡಿಸುತ್ತಿದ್ದಾಳೆಂದು ಗೊತ್ತಾದಾಗ ಕೆಂಪಣ್ಣನಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಗು.

ಅಂದು ಸೋಮವಾರ. ಬೆಳಗಿನ ಹತ್ತು ಗಂಟೆ. ತಕರಾರಿನ ಜಾಗದಲ್ಲಿ ಕಟ್ಟುವವರು ಈ ಸೀಮೆಯಲ್ಲಿ ಎರಡನೇ ಶನಿವಾರಕ್ಕೆ ಕಾಯುತ್ತಾರೆ. ಕೋರ್ಟಿಗೆ ಎರಡು ದಿನ ರಜೆ. ಸೋಮವಾರ ಎದುರಿನವರು ವಕೀಲರನ್ನು ಹುಡುಕಿಕೊಂಡು ಹೊರಡುವಷ್ಟರಲ್ಲಿ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿರುತ್ತದೆ. ಸಿಂಧಘಟ್ಟದ ಕಡೆ ಎಲ್ಲರಿಗೂ ಗೊತ್ತಿರುವ ಈ ಲೆಕ್ಕ ಜಯಲಕ್ಷ್ಮಮ್ಮನ ತಲೆಗೆ ಹೋದಂತಿರಲಿಲ್ಲ. ಸಾಲದ್ದಕ್ಕೆ ಅವಳೇ ಫೋನ್ ಮಾಡಿ ತಿಳಿಸಿದ್ದಳು.

"ಅಣ್ಣಯ್ಯ, ರೋಡ್ ಪಕ್ಕದ ನನ್ ಜಾಗದಲ್ಲಿ ಪಾಯ ತೋಡುಸ್ತಾವ್ನಿ. ನೀನು ದೊಡ್ಡೋನು, ಒಂದ್ಸತಿ ಬಂದು ನೋಡ್ಬುಟ್ಟು ಹೋಗು."

ಕೆಂಪಣ್ಣ ಬೈಕ್ ಹತ್ತಿದ.

ಮೂವತ್ತು ವರ್ಷದ ಹಿಂದೆ, ಅಪ್ಪ ತೀರಿಕೊಂಡ ಮೇಲೆ, ಊರ ಹಿರಿಯರು ಕೂತು ಒಂದು ಪಾಲುಪಟ್ಟಿ ಬರೆದಿದ್ದರು. ನಾಲೆ ಬಯಲಿನ ನಾಲ್ಕು ಎಕರೆ ಗದ್ದೆ ಅಣ್ಣನಿಗೆ. ರಸ್ತೆ ಬದಿಯ ಹತ್ತು ಗುಂಟೆ ಕಲ್ಲುಭೂಮಿ ತಂಗಿಗೆ. ರಿಜಿಸ್ಟರ್ ಆಗದ ಕಾಗದ. ಕೆಳಗೆ ಇಬ್ಬರ ಸಹಿ. ದೇವಲಾಪುರಕ್ಕೆ ಮದುವೆಯಾಗಿ ಹೋಗಿದ್ದ ತಂಗಿ ಆಗಾಗ ಬಂದು, ಗದ್ದೆಯಲ್ಲಿ ನನಗೂ ಒಂದಿಷ್ಟು ಕೊಡು ಎಂದು ಕೇಳುತ್ತಿದ್ದಳು. ಕೆಂಪಣ್ಣ ಬೀರುವಿನಿಂದ ಆ ಕಾಗದ ತೆಗೆದು ಅವಳ ಮುಖಕ್ಕೆ ಹಿಡಿಯುತ್ತಿದ್ದ. ಹರಿಯಬಾರದೆಂದು ಅದಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದ.

"ಸೈನ್ ನಿಂದೇ ತಾನೆ? ನೋಡ್ಕೊ."

ಅವಳು ನೋಡುತ್ತಿದ್ದಳು. ಕುಡಿದ ಕಾಫಿಯ ಲೋಟ ತೊಳೆದಿಟ್ಟು ಬಸ್ಸಿಗೆ ಹೋಗುತ್ತಿದ್ದಳು.

ಎರಡು ವರ್ಷದ ಹಿಂದೆ ರಸ್ತೆ ಅಗಲವಾಯಿತು. ಕಲ್ಲುಭೂಮಿಗೆ ಬೆಲೆ ಬಂತು. ಕೆಂಪಣ್ಣನಿಗೆ ಆ ಕಾಗದದ ಮೇಲಿದ್ದ ಪ್ರೀತಿ ಸ್ವಲ್ಪ ಕಡಿಮೆಯಾಯಿತು.

ಜಾಗದಲ್ಲಿ ಮೇಸ್ತ್ರಿ ಖಾಸಿಂ ಇಬ್ಬರು ಆಳುಗಳನ್ನಿಟ್ಟುಕೊಂಡು ನಿಧಾನಕ್ಕೆ ಅಗೆಸುತ್ತಿದ್ದ. ಒಂದು ಟ್ರಾಕ್ಟರು ಸೈಜುಗಲ್ಲು ರಸ್ತೆಯ ಅಂಚಿನಲ್ಲೇ ಬಿದ್ದಿತ್ತು. ಸಿಮೆಂಟಿಲ್ಲ, ಮರಳಿಲ್ಲ, ಜಲ್ಲಿಯಿಲ್ಲ.

"ಎಷ್ಟ್ ಚದ್ರಲಾ ಖಾಸಿಂ? ಪ್ಲಾನ್ ಎಲ್ಲಿ?"

"ಪ್ಲಾನು ಕೊಟ್ಟಿಲ್ಲ ಅಣ್ಣಾ. ಅಮ್ಮ ತೋಡು ಅಂದ್ರು, ತೋಡ್ತಾ ಇವ್ನಿ. ಅರ್ಜೆಂಟೇನಿಲ್ಲ ಅಂದವ್ರೆ."

ಜಯಲಕ್ಷ್ಮಮ್ಮ ಹೊಂಗೆ ಮರದ ಕೆಳಗೆ ಕೂತು ಸೊಪ್ಪು ಸೋಸುತ್ತಿದ್ದಳು. ಇಂಥವಳಿಗೆ ಮನೆ ಬೇರೆ ಎಂದುಕೊಂಡ ಕೆಂಪಣ್ಣ.

"ಲೇ ಜಯಾ, ಇದು ಆಸಾಡ ಕಣೆ. ಈ ತಿಂಗ್ಳು ಕೋಳಿ ಗೂಡ್ಗೂ ಯಾರೂ ಪಾಯ ಆಕಲ್ಲ. ಆಸೆಗೆ ಬಿದ್ದು ಅದೂ ಮರ್ತೋಯ್ತಾ?"

"ನೀನು ಬ್ಯಾಡ ಅಂದ್ರೆ ನಿಲ್ಸು ಅಣ್ಣಯ್ಯ."

"ನಿಲ್ಸ್ತೀನಿ. ಕೋರ್ಟಿಂದ್ಲೇ ನಿಲ್ಸ್ತೀನಿ."

"ಅಂಗಾರೆ ಎಲ್ಲಾ ಕಾಗದದ ಮೇಲೇ ಬರ್ಲಿ" ಎಂದು ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಕೆಂಪಣ್ಣ ಕೆ.ಆರ್. ಪೇಟೆಯಲ್ಲಿ ವಕೀಲ ಶಿವಶಂಕರ್ ಅವರ ಮುಂದೆ ಕೂತಿದ್ದ. ವಕೀಲರು ಲ್ಯಾಮಿನೇಷನ್ ಕಾಗದವನ್ನು ಎರಡು ಸಲ ಓದಿದರು.

"ಇದರ ಪ್ರಕಾರ ಆ ಜಾಗ ತಂಗಿಯದೇ ಅಲ್ವಾ ಗೌಡ್ರೆ? ಸ್ಟೇ ಹೇಗೆ ಸಿಗುತ್ತೆ?"

"ಪಾಲೇ ಆಗಿಲ್ಲ ಅಂತ ಆಕಿ. ಆ ಕಾಗದ ಸುಳ್ಳು ಅನ್ನಿ."

"ಹಾಗಾದ್ರೆ ಬರೀ ಹತ್ತು ಗುಂಟೆಗೆ ಕೇಸ್ ಹಾಕೋಕಾಗಲ್ಲ. ಗದ್ದೆನೂ ಸೇರಿಸಿ ವಿಭಾಗದ ದಾವಾ ಹಾಕಬೇಕು. ಯೋಚನೆ ಮಾಡಿ."

"ಯೋಚ್ನೆ ಎಲ್ಲಾ ಆಯ್ತು, ಆಕಿ ಸಾಮಿ. ಸ್ಟೇ ಒಂದು ಬರ್ಲಿ. ವರ್ಸಾನ್ಗಟ್ಲೆ ಎಳುದ್ರೆ ಓಡಾಡಿ ಸುಸ್ತಾಗಿ ಅವ್ಳೇ ಬರ್ಕೊಡ್ತಾಳೆ. ಕೋರ್ಟ್ ಮೆಟ್ಲು ಕಂಡೋಳಲ್ಲ ಅವ್ಳು."

ಪ್ರಮಾಣಪತ್ರ ತಯಾರಾಯಿತು. ಈ ಎಲ್ಲ ಆಸ್ತಿಯೂ ಇಂದಿನವರೆಗೆ ಒಟ್ಟು ಕುಟುಂಬದ್ದು, ಯಾವ ಪಾಲೂ ಆಗಿಲ್ಲ, ಪಾಲುಪಟ್ಟಿ ಎಂಬುದು ಸೃಷ್ಟಿಸಿದ ಕಾಗದ. ಕೆಂಪಣ್ಣ ಪುಟಪುಟಕ್ಕೂ ಒತ್ತಿ ಒತ್ತಿ ಸಹಿ ಹಾಕಿದ.

ಗುರುವಾರ ತಡೆಯಾಜ್ಞೆ ಬಂತು. ಅಷ್ಟಕ್ಕೇ ಊರು ಗೆದ್ದವನಂತೆ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದು ಪಾಯದ ಅಂಚಿನಲ್ಲಿ ನಿಂತು ಗಟ್ಟಿಯಾಗಿ ಓದಿದ. ಓದಿ ಮುಗಿಯುವ ಮೊದಲೇ ಖಾಸಿಂ ಗುದ್ದಲಿ ಕೆಳಗಿಟ್ಟ. ಜಯಲಕ್ಷ್ಮಮ್ಮ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು. ಅಳಲೂ ಇಲ್ಲ. ಅದೊಂದು ಕೆಂಪಣ್ಣನಿಗೆ ನಿರಾಸೆಯಾಯಿತು. ಆದರೂ ಆ ಸಂಜೆ ಹೋಟೆಲಿನಲ್ಲಿ ಸಿಕ್ಕಿದವರಿಗೆಲ್ಲ ಕೇಸರಿಬಾತು ಕೊಡಿಸಿದ.

ಮುಂದಿನ ವಾಯಿದೆಯ ದಿನ ತಂಗಿ ಕೋರ್ಟಿನ ಮೆಟ್ಟಿಲು ಹತ್ತಿದಳು. ಜೊತೆಗೆ ನಾಗಮಂಗಲದ ವಕೀಲೆ ಅರ್ಪಿತ. ತಡೆಯಾಜ್ಞೆ ತೆಗೆಸಲು ಇವರು ಎಷ್ಟು ಒದ್ದಾಡುತ್ತಾರೋ ನೋಡೋಣವೆಂದು ಕೆಂಪಣ್ಣ ಕೈಕಟ್ಟಿ ನಿಂತ.

ಅರ್ಪಿತ ಎರಡು ನಿಮಿಷವೂ ಮಾತಾಡಲಿಲ್ಲ.

"ತಡೆಯಾಜ್ಞೆಗೆ ನಮ್ಮ ತಕರಾರಿಲ್ಲ ಸ್ವಾಮಿ. ವಾದಿ ಪ್ರಮಾಣ ಮಾಡಿ ಹೇಳಿದ್ದನ್ನೆಲ್ಲ ಒಪ್ಪುತ್ತೇವೆ. ಪಾಲುಪಟ್ಟಿ ಸುಳ್ಳು. ಪಾಲು ಆಗೇ ಇಲ್ಲ. ಇರುವುದು ಅಣ್ಣ, ತಂಗಿ ಇಬ್ಬರೇ. ಗದ್ದೆಯೂ ಸೇರಿ ಎಲ್ಲದರಲ್ಲೂ ನಮಗೆ ಅರ್ಧ ಕೊಡಿಸಬೇಕು."

ಒಪ್ಪುತ್ತೇವೆ ಎಂದಾಗಿನಿಂದ ಗೆಲುವಿನಲ್ಲಿ ಆಡುತ್ತಿದ್ದ ಕೆಂಪಣ್ಣನ ತಲೆ ಅರ್ಧ ಎಂಬಲ್ಲಿ ನಿಂತಿತು. ಅವನು ಶಿವಶಂಕರ್ ಅವರ ಕಡೆ ಬಾಗಿದ.

"ಸಾಮಿ, ಆ ಪಾಲುಪಟ್ಟಿ ತೋರ್ಸಿ... ಲ್ಯಾಮಿನೇಷನ್ ಮಾಡ್ಸಿರದು..."

"ಅದು ಸುಳ್ಳು ಅಂತ ಸೈನ್ ಹಾಕಿದ್ದು ನೀವೇ ತಾನೆ?" ಎಂದರು ವಕೀಲರು, ಫೈಲಿನಿಂದ ತಲೆಯೆತ್ತದೆ.

ಹೊರಗೆ ಜಗುಲಿಯಲ್ಲಿ ಜಯಲಕ್ಷ್ಮಮ್ಮ ಫೋನ್ ಹಿಡಿದು ನಿಂತಿದ್ದಳು. "ಖಾಸಿಂ, ಗುಂಡಿ ಮುಚ್ಬುಡಪ್ಪ. ಎರವಲು ತಂದಿದ್ದ ಕಲ್ಲು ಅವ್ರಿಗೆ ವಾಪಸ್ ಕೊಟ್ಬುಡು."

ಕೆಂಪಣ್ಣ ಅವಳ ಹತ್ತಿರ ಬಂದು ನಿಂತ.

"ಅಂಗಾರೆ... ನೀನು ಮನೆ ಕಟ್ಟಕ್ಕೆ ಒಂಟಿರ್ಲಿಲ್ವೇನೆ?"

ಅವಳು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು.

"ಆಸಾಡದಲ್ಲಿ ಯಾರಾದ್ರೂ ಪಾಯ ಆಕ್ತಾರಾ ಅಣ್ಣಯ್ಯ?"